ಯಾವ ಓಣಿಯೆಂದು ಆರಿಸುವವರು ಯಾರು?

ಮದೀನಾದಲ್ಲಿ ಒಬ್ಬ ಮಹಿಳೆಯಿದ್ದಳು. ಆಕೆಯ ಬುದ್ಧಿಯಲ್ಲಿ ಏನೋ ಒಂದು ಕೊರತೆಯಿತ್ತು ಎಂದಷ್ಟೇ ಅನಸ್(ರ)ರ ವರದಿಯಿಂದ ತಿಳಿಯುತ್ತದೆ. ಆಕೆಯ ಹೆಸರು ಅದರಲ್ಲಿಲ್ಲ. ಸಹೀಹ್ ಮುಸ್ಲಿಮ್‌ನಲ್ಲಿ ದಾಖಲಾಗಿರುವ ಈ ಹದೀಸಿನ ಪ್ರಕಾರ, ಆಕೆ ಒಮ್ಮೆ ಪ್ರವಾದಿ ಮುಹಮ್ಮದ್(ಸ)ರ ಬಳಿ ಬಂದು ತನಗೆ ಅವರಿಂದ ಒಂದು ಕೆಲಸವಾಗಬೇಕಿದೆ ಎಂದಳು. ಪ್ರವಾದಿಯವರು(ಸ) ಆಕೆಯನ್ನು ತಾಯಿಯೆಂಬ ಗೌರವದಿಂದ ಸಂಬೋಧಿಸಿದರು. ಯಾವ ಓಣಿಯಲ್ಲಿ ಮಾತನಾಡಬೇಕೆಂಬುದನ್ನು ಆಕೆಯ ಇಚ್ಛೆಗೇ ಬಿಟ್ಟರು. ಬಳಿಕ ಆಕೆಯೊಂದಿಗೆ ದಾರಿಯ ಬದಿಗೆ ಸರಿದು, ಆಕೆಯ ಅಗತ್ಯ ಪೂರ್ಣವಾಗುವವರೆಗೂ ಅಲ್ಲಿಯೇ ಇದ್ದರು.

ಈ ಘಟನೆಯನ್ನು ಪ್ರವಾದಿಯವರ(ಸ) ವಿನಯಕ್ಕೆ ನಿದರ್ಶನವಾಗಿ ನಾವು ಎಷ್ಟೋ ಸಲ ಕೇಳಿದ್ದೇವೆ. ಅದು ಸರಿಯೇ. ಆದರೆ ಅದರಲ್ಲಿ ಇನ್ನೊಂದು ಪಾಠವೂ ಇದೆ. ಭೇಟಿಯ ಸ್ಥಳವನ್ನು ನಿರ್ಧರಿಸಿದವಳು ಆ ಮಹಿಳೆ. ಒಂದು ನಾಡಿನ ನಾಯಕರ ಸಮಯವನ್ನು ಎಲ್ಲಿ, ಎಷ್ಟು ಹೊತ್ತು ಬಳಸಬೇಕೆಂಬ ತೀರ್ಮಾನ ಆಕೆಯ ಕೈಯಲ್ಲಿತ್ತು. ಆಕೆಗೆ ದೊರೆತದ್ದು ಕರುಣೆಯ ಜೊತೆಗೆ ಒಂದು ಅಧಿಕಾರ. ಆ ಅಧಿಕಾರ ಕಾಲಾಂತರದಲ್ಲಿ ಯಾರ ಕೈಗೆ ಹೋಯಿತು, ಇಂದು ನಮ್ಮ ಉತ್ತರ ಕನ್ನಡದ ಕುಳಗಿಯಂಥ ಕಾಡಂಚಿನ ಹಳ್ಳಿಯಲ್ಲಿ ಅದು ಯಾರ ಬಳಿಯಿದೆ ಎಂಬುದನ್ನು ಇತಿಹಾಸದ ಬೆಳಕಿನಲ್ಲಿ ನೋಡುವುದು ಈ ಲೇಖನದ ಉದ್ದೇಶ.

ಮೊದಲಿಗೆ ಒಂದು ಸ್ಪಷ್ಟನೆ ಅಗತ್ಯ. ನಾವಿಲ್ಲಿ ಹೇಳುತ್ತಿರುವುದು ಹುಟ್ಟಿನಿಂದಲೋ ಎಳವೆಯಿಂದಲೋ ಬರುವ ಬೆಳವಣಿಗೆಯ ನ್ಯೂನತೆಗಳ ಬಗ್ಗೆ: ಬೌದ್ಧಿಕ ನ್ಯೂನತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಡೌನ್ ಸಿಂಡ್ರೋಮ್ ಮುಂತಾದವು. ಮನೋರೋಗ ಬೇರೆ, ಇವು ಬೇರೆ. ಮನೋರೋಗ ಯಾರಿಗಾದರೂ, ಯಾವ ವಯಸ್ಸಿನಲ್ಲಾದರೂ ಬರಬಹುದು, ಚಿಕಿತ್ಸೆಯಿಂದ ಗುಣವಾಗಲೂಬಹುದು. ಬೆಳವಣಿಗೆಯ ನ್ಯೂನತೆ ರೋಗವಲ್ಲ, ಮನುಷ್ಯ ಬೆಳೆಯುವ ರೀತಿಯಲ್ಲಿನ ಒಂದು ವ್ಯತ್ಯಾಸ. ಈ ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟಿದ್ದರಿಂದ ಆದ ಅನ್ಯಾಯವೇ ಮುಂದೆ ಹೇಳಲಿರುವ ಇತಿಹಾಸದ ಬಹುಭಾಗ.

ಇಸ್ಲಾಮೀ ಕರ್ಮಶಾಸ್ತ್ರದ ವಿದ್ವಾಂಸರು ಈ ವ್ಯತ್ಯಾಸವನ್ನು ಬಹಳ ಹಿಂದೆಯೇ ಗುರುತಿಸಿದ್ದರು. ಬುದ್ಧಿಭ್ರಮಣೆಗೊಳಗಾದವನನ್ನು ಅವರು ‘ಮಜ್‌ನೂನ್’ ಎಂದು ಕರೆದರು. ಗ್ರಹಿಕೆ ಕಡಿಮೆಯಿರುವ, ಮಾತು ತೊಡಕಾಗುವ, ವ್ಯವಹಾರ ನಿಭಾಯಿಸಲು ಕಷ್ಟಪಡುವ ವ್ಯಕ್ತಿಗೆ ‘ಮಅ್ತೂಹ್’ ಎಂಬ ಬೇರೆ ಹೆಸರನ್ನಿಟ್ಟರು. ಹನಫೀ ವಿದ್ವಾಂಸರು ಎರಡನೆಯವನನ್ನು ವಿವೇಚನೆ ಮೂಡಿರುವ ಬಾಲಕನ ಸ್ಥಾನದಲ್ಲಿರಿಸಿದರು. ಅವನಿಗೆ ಕೇವಲ ಲಾಭವನ್ನೇ ತರುವ ವ್ಯವಹಾರ, ಉದಾಹರಣೆಗೆ ಉಡುಗೊರೆಯ ಸ್ವೀಕಾರ, ಪೋಷಕರ ಒಪ್ಪಿಗೆಯಿಲ್ಲದೆಯೂ ಸಿಂಧುವಾಗುತ್ತದೆ. ಕೇವಲ ನಷ್ಟ ತರುವಂಥದ್ದು ಪೋಷಕರು ಒಪ್ಪಿದರೂ ಅಸಿಂಧು. ಲಾಭ ನಷ್ಟ ಎರಡೂ ಸಾಧ್ಯವಿರುವ ಮಾರಾಟ, ಖರೀದಿಯಂಥವು ಪೋಷಕರ ಒಪ್ಪಿಗೆಗೆ ಕಾಯುತ್ತವೆ. 1869ರಿಂದ 1876ರ ನಡುವೆ ಉಸ್ಮಾನೀ ಸರಕಾರ ಸಂಕಲಿಸಿದ ‘ಮಜಲ್ಲ’ ಎಂಬ ನಾಗರಿಕ ಸಂಹಿತೆಯಲ್ಲೂ ಈ ನಿಯಮಗಳು ಸೇರಿವೆ.

ಈ ವರ್ಗೀಕರಣದ ಮಹತ್ವವೇನು? ಸಾಮರ್ಥ್ಯವೆಂಬುದು ಇದೆ ಅಥವಾ ಇಲ್ಲ ಎಂದು ಎರಡೇ ಮಾತಿನಲ್ಲಿ ಮುಗಿಯುವಂಥದ್ದಲ್ಲ, ಅದಕ್ಕೆ ಮೆಟ್ಟಿಲುಗಳಿವೆ ಎಂಬ ಅರಿವು. ಪೋಷಕನ ಅಧಿಕಾರಕ್ಕೂ ಇಲ್ಲಿ ಒಂದು ಗಡಿಯಿದೆ. ತನ್ನ ಅಧೀನದವನಿಗೆ ಹಾನಿ ಮಾಡಲು ಅವನಿಗೂ ಅನುಮತಿಯಿಲ್ಲ. ಹಾಗೆಂದು ಗತಕಾಲವನ್ನು ಅತಿಯಾಗಿ ಹೊಗಳಬೇಕಿಲ್ಲ. ದೃಷ್ಟಿಹೀನರಾಗಿದ್ದ ಅಬ್ದುಲ್ಲಾ ಇಬ್ನು ಉಮ್ಮಿ ಮಕ್ತೂಮ್(ರ)ರು ಮದೀನಾದ ಮುಅದ್ದಿನ್ ಆದರು. ಪ್ರವಾದಿಯವರು(ಸ) ಊರಿನಿಂದ ಹೊರಟಾಗ ಹಲವು ಬಾರಿ ಅವರನ್ನೇ ಪ್ರತಿನಿಧಿಯಾಗಿ ನೇಮಿಸಿದ್ದರು. ದೇಹದ ನ್ಯೂನತೆಯಿದ್ದವರಿಗೆ ಹೀಗೆ ನಾಯಕತ್ವದ ಬಾಗಿಲು ತೆರೆದದ್ದಕ್ಕೆ ಚರಿತ್ರೆಯಲ್ಲಿ ಸಾಕ್ಷಿಯಿದೆ. ಬುದ್ಧಿಯ ನ್ಯೂನತೆಯಿದ್ದವರಿಗೆ ರಕ್ಷಣೆ ದೊರೆಯಿತು, ಅನ್ನ ಬಟ್ಟೆ ದೊರೆಯಿತು, ಒಳ್ಳೆಯ ಮಾತು ಅವರ ಹಕ್ಕೆನಿಸಿತು. ಓಣಿಯನ್ನು ಆರಿಸುವ ಅಧಿಕಾರವನ್ನು ಮಾತ್ರ ಮುಂದಿನ ಸಮಾಜಗಳು ಅವರಿಗೆ ಮರಳಿ ಕೊಟ್ಟದ್ದು ಅಪರೂಪ.

ಈಗ ನಮ್ಮ ಪ್ರದೇಶದತ್ತ ಬರೋಣ. ದಾಂಡೇಲಿಯಿಂದ ಅಂಬಿಕಾನಗರಕ್ಕೆ ಹೋಗುವ ದಾರಿಯಲ್ಲಿ ಕುಳಗಿ ಇದೆ. ಪ್ರವಾಸಿಗರಿಗೆ ಅದು ಅರಣ್ಯ ಇಲಾಖೆಯ ಪ್ರಕೃತಿ ಶಿಬಿರವಿರುವ ತಾಣ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಭಾಗದ ಹಳ್ಳಿಗಳಲ್ಲಿ ಸಿದ್ದಿ, ಗೌಳಿ, ಕುಣಬಿ ಕುಟುಂಬಗಳಿವೆ; ಕನ್ನಡ, ಮರಾಠಿ, ಕೊಂಕಣಿ, ಉರ್ದು ಮಾತುಗಳು ಒಂದೇ ಸಂತೆಯಲ್ಲಿ ಕೇಳಿಬರುತ್ತವೆ. ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಮ್, ಕ್ರೈಸ್ತ ಮೂವರೂ ಇದ್ದಾರೆ. ಉತ್ತರ ಕನ್ನಡವು 1862ರಲ್ಲಿ ಮದ್ರಾಸ್ ಪ್ರಾಂತದಿಂದ ಬೊಂಬಾಯಿ ಪ್ರಾಂತಕ್ಕೆ ಸೇರಿತು. ಅದೇ ಪ್ರಾಂತದ ಧಾರವಾಡದಲ್ಲಿ 1845ರಲ್ಲಿ ಆರಂಭವಾಗಿದ್ದ ಹುಚ್ಚಾಸ್ಪತ್ರೆಯೇ ಈ ಭಾಗದ ಜನರಿಗೆ ಹತ್ತಿರದ್ದು. ಇಂದು ಅದು ಡಿಮ್ಹಾನ್ಸ್ ಎಂಬ ಹೆಸರಿನ ಚಿಕಿತ್ಸಾ ಮತ್ತು ಶಿಕ್ಷಣ ಸಂಸ್ಥೆಯಾಗಿ ಬೆಳೆದಿದೆ. ಆದರೂ ನಮ್ಮ ಕಡೆಯ ಮಾತಿನಲ್ಲಿ ‘ಇವನನ್ನು ಧಾರವಾಡಕ್ಕೆ ಕಳಿಸಬೇಕು’ ಎಂಬ ಕುಹಕ ಇನ್ನೂ ಉಳಿದುಕೊಂಡಿದೆ. ಮಾತು ನಿಧಾನವಾಗಿರುವ ಮಗುವಿನ ಎದುರೇ ಈ ಕುಹಕವನ್ನು ಆಡುವವರಿದ್ದಾರೆ.

ಆ ಕುಹಕದ ಹಿಂದೆ ಕಾನೂನೂ ಇತ್ತು. ಬ್ರಿಟಿಷ್ ಸರಕಾರ 1858ರಲ್ಲಿ ಹುಚ್ಚಾಸ್ಪತ್ರೆಗಳಿಗಾಗಿ ಕಾಯಿದೆ ಮಾಡಿತು. 1912ರ ಭಾರತೀಯ ಲೂನಸಿ ಕಾಯಿದೆಯು ಬುದ್ಧಿ ಬೆಳೆಯದವನನ್ನೂ ಚಿತ್ತಸ್ವಾಸ್ಥ್ಯ ಕೆಟ್ಟವನನ್ನೂ ಒಂದೇ ವ್ಯಾಖ್ಯೆಯೊಳಗೆ ಸೇರಿಸಿ ಇಬ್ಬರನ್ನೂ ‘ಲೂನಟಿಕ್’ ಎಂದು ಕರೆಯಿತು. ಕರ್ಮಶಾಸ್ತ್ರದ ಪಂಡಿತರು ಶತಮಾನಗಳ ಹಿಂದೆ ಎಳೆದಿದ್ದ ಗೆರೆ ಹೀಗೆ ಒಂದು ವಾಕ್ಯದಲ್ಲಿ ಅಳಿಸಿಹೋಯಿತು. ಸ್ವತಂತ್ರ ಭಾರತದಲ್ಲೂ ಈ ಕಾಯಿದೆ ದಶಕಗಳ ಕಾಲ ಜಾರಿಯಲ್ಲಿತ್ತು. ಅದರ ಸ್ಥಾನಕ್ಕೆ ಬಂದ 1987ರ ಮಾನಸಿಕ ಆರೋಗ್ಯ ಕಾಯಿದೆಯು ಬುದ್ಧಿಮಾಂದ್ಯವನ್ನು ಮನೋರೋಗದ ವ್ಯಾಖ್ಯೆಯಿಂದ ಹೊರಗಿಟ್ಟಿತು. ಆದರೆ ಆ ಕಾಯಿದೆ ಜಾರಿಗೆ ಬಂದದ್ದು 1993ರಲ್ಲಿ.

ಈ ಮಧ್ಯೆ ಅಳತೆಯ ಯುಗ ಆರಂಭವಾಗಿತ್ತು. ಬೊಂಬಾಯಿ ಪ್ರಾಂತದ ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಹೊಂದುವಂತೆ ವಿ.ವಿ. ಕಾಮತರು ಪಾಶ್ಚಾತ್ಯ ಬುದ್ಧಿಮಾಪನ ಪರೀಕ್ಷೆಯನ್ನು 1934ರಲ್ಲಿ ಪರಿಷ್ಕರಿಸಿದರು. ಬಿನೆ–ಕಾಮತ್ ಪರೀಕ್ಷೆ ಎಂದು ಹೆಸರಾದ ಇದನ್ನು ದೇಶದ ಆಸ್ಪತ್ರೆಗಳು ದಶಕಗಳ ಕಾಲ ಬಳಸಿದವು. ಪರಭಾಷೆಯ ಪರೀಕ್ಷೆಯಲ್ಲಿ ಸೋತ ಮಗುವನ್ನು ಮಂದಬುದ್ಧಿಯೆನ್ನುವುದು ಅನ್ಯಾಯವೆಂಬ ತಿಳಿವಳಿಕೆ ಈ ಕೆಲಸದ ಹಿಂದಿತ್ತು. ಆದರೂ ಅಳತೆಯ ಸಂಖ್ಯೆ ಕಡತ ಸೇರಿದ ಮೇಲೆ ಮಗುವಿನ ಹೆಸರಿಗಿಂತ ಆ ಸಂಖ್ಯೆಯೇ ಮುಂದೆ ನಡೆಯತೊಡಗಿತು. ಮನೆಯಲ್ಲಿ ಗೌಳಿಗರ ಮರಾಠಿಯನ್ನೋ ದಖನಿಯನ್ನೋ ಕೇಳಿ ಬೆಳೆದ ಮಗು ಗ್ರಾಂಥಿಕ ಕನ್ನಡದ ಪ್ರಶ್ನೆಗೆ ತಡವರಿಸಿದಾಗ, ಅದು ಮಗುವಿನ ಕೊರತೆಯೋ ಪ್ರಶ್ನೆಯ ಕೊರತೆಯೋ ಎಂದು ಇಂದಿಗೂ ಕೇಳಬೇಕಾಗುತ್ತದೆ.

ಸೇವೆಯ ಇತಿಹಾಸದಲ್ಲಿ ಮೊದಲ ನಾಯಕರು ವೈದ್ಯರು ಮತ್ತು ತಜ್ಞರು. 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು. 1974ರಲ್ಲಿ ಅದು ನಿಮ್ಹಾನ್ಸ್ ಆಯಿತು. ಬುದ್ಧಿಮಾಂದ್ಯ ಮಕ್ಕಳಿಗಾಗಿಯೇ ಒಂದು ಸಂಘ 1960ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು. 1984ರಲ್ಲಿ ಕೇಂದ್ರ ಸರಕಾರ ಸಿಕಂದರಾಬಾದಿನಲ್ಲಿ ರಾಷ್ಟ್ರೀಯ ಸಂಸ್ಥೆಯೊಂದನ್ನು ಆರಂಭಿಸಿತು. ಬೆಂಗಳೂರಿನ ಸೇವಾ ಇನ್ ಆ್ಯಕ್ಷನ್ ಸಂಸ್ಥೆ 1985ರಲ್ಲಿ ಕಾರ್ಯಾರಂಭ ಮಾಡಿ, ವಿಶೇಷ ಮಕ್ಕಳನ್ನು ಪಟ್ಟಣದ ವಿಶೇಷ ಶಾಲೆಗೆ ಕರೆತರುವ ಬದಲು ಹಳ್ಳಿಯ ಸಾಮಾನ್ಯ ಶಾಲೆಯಲ್ಲೇ ಕಲಿಸುವ ಮಾರ್ಗವನ್ನು ಕರ್ನಾಟಕದಲ್ಲಿ ತೋರಿಸಿತು. ಇವರೆಲ್ಲರ ಶ್ರಮವಿಲ್ಲದಿದ್ದರೆ ಸಾವಿರಾರು ಮಕ್ಕಳು ಮನೆಯ ಕತ್ತಲ ಕೋಣೆಯಲ್ಲೇ ಉಳಿಯುತ್ತಿದ್ದರು.

ಎರಡನೆಯ ನಾಯಕರು ಹೆತ್ತವರು. ಮಿಥು ಆಲೂರ್ ಅವರು ಸೆರೆಬ್ರಲ್ ಪಾಲ್ಸಿ ಇದ್ದ ತಮ್ಮ ಮಗಳಿಗೆ ತಕ್ಕ ಶಾಲೆಯಿಲ್ಲದ್ದನ್ನು ಕಂಡು 1972ರಲ್ಲಿ ಮುಂಬಯಿಯಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಇಂಡಿಯಾ ಸ್ಥಾಪಿಸಿದರು. 1980ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕದ ಸ್ಪಾಸ್ಟಿಕ್ಸ್ ಸೊಸೈಟಿ ಆರಂಭವಾಯಿತು. ಹೆತ್ತವರ ಸಂಘಗಳು 1995ರಲ್ಲಿ ‘ಪರಿವಾರ್’ ಎಂಬ ರಾಷ್ಟ್ರೀಯ ಒಕ್ಕೂಟವಾಗಿ ಒಂದಾದವು. ಅವರೆಲ್ಲರ ಎದೆಯಲ್ಲಿದ್ದುದು ಒಂದೇ ಪ್ರಶ್ನೆ: ನಮ್ಮ ಕಾಲಾನಂತರ ಈ ಮಗುವಿಗೆ ಯಾರು? ಕುಳಗಿಯ ತಾಯಿಗೂ ಬೆಂಗಳೂರಿನ ತಾಯಿಗೂ ಈ ಪ್ರಶ್ನೆಯಲ್ಲಿ ಭೇದವಿಲ್ಲ.

ಇದೇ 1995ರ ಡಿಸೆಂಬರಿನಲ್ಲಿ ಸಂಸತ್ತು ಅಂಗವಿಕಲರ ಕಾಯಿದೆಯನ್ನು ಅಂಗೀಕರಿಸಿತು. ಅದಕ್ಕಾಗಿ ದಿಲ್ಲಿಯಲ್ಲಿ ನಡೆದ ಹೋರಾಟದ ಮುಂಚೂಣಿಯಲ್ಲಿದ್ದವರು ಜಾವೇದ್ ಆಬಿದಿ. ಹುಟ್ಟಿನಿಂದಲೇ ಬೆನ್ನುಹುರಿಯ ನ್ಯೂನತೆಯಿದ್ದ, ಗಾಲಿಕುರ್ಚಿಯಲ್ಲಿ ಕುಳಿತೇ ನಾಯಕತ್ವ ವಹಿಸಿದ ಅವರು 2018ರಲ್ಲಿ ನಿಧನರಾದರು. 2001ರ ಜನಗಣತಿಯಲ್ಲಿ ಅಂಗವೈಕಲ್ಯದ ಪ್ರಶ್ನೆ ಸೇರಿದ್ದರಲ್ಲೂ ಅವರ ಹೋರಾಟದ ಪಾತ್ರವಿದೆ. ಎಣಿಕೆಗೆ ಸಿಗದವರಿಗೆ ಯೋಜನೆಯಲ್ಲಿ ಪಾಲಿಲ್ಲವೆಂಬುದನ್ನು ಅವರು ಚೆನ್ನಾಗಿ ಅರಿತಿದ್ದರು. 2011ರ ಜನಗಣತಿಯಲ್ಲಿ ದೇಶದ 2.68 ಕೋಟಿ ವಿಕಲಚೇತನರ ಪೈಕಿ ಸುಮಾರು 15 ಲಕ್ಷ ಜನ ಬುದ್ಧಿಮಾಂದ್ಯದ ವರ್ಗದಲ್ಲಿ ದಾಖಲಾಗಿದ್ದಾರೆ.

ಹೆತ್ತವರ ಪ್ರಶ್ನೆಗೆ ಉತ್ತರವಾಗಿ ಬಂದದ್ದು 1999ರ ರಾಷ್ಟ್ರೀಯ ನ್ಯಾಸ ಕಾಯಿದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಮತ್ತು ಬಹುವಿಧ ನ್ಯೂನತೆಯಿರುವವರಿಗೆ ಹದಿನೆಂಟು ತುಂಬಿದ ಮೇಲೂ ಕಾನೂನುಬದ್ಧ ಪೋಷಕರನ್ನು ನೇಮಿಸುವ ವ್ಯವಸ್ಥೆ ಅದರಲ್ಲಿದೆ. ನೇಮಕದ ಅಧಿಕಾರ ಜಿಲ್ಲೆಯ ಸ್ಥಳೀಯ ಸಮಿತಿಯದು. ಆ ಸಮಿತಿಯ ಮೂರು ಕುರ್ಚಿಗಳನ್ನು ಗಮನಿಸಿರಿ. ಮೊದಲನೆಯದು ಜಿಲ್ಲಾಧಿಕಾರಿಯ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯದು. ಎರಡನೆಯದು ನೋಂದಾಯಿತ ಸಂಸ್ಥೆಯ ಪ್ರತಿನಿಧಿಯದು. ಮೂರನೆಯದು ಒಬ್ಬ ವಿಕಲಚೇತನ ವ್ಯಕ್ತಿಯದು.

ಮೂರನೆಯ ಕುರ್ಚಿ ಇಟ್ಟದ್ದು ಸಣ್ಣ ಸಂಗತಿಯಲ್ಲ. ಆದರೆ ಕಾಯಿದೆ ಆ ಕುರ್ಚಿಗೆ 1995ರ ಕಾಯಿದೆಯ ವ್ಯಾಖ್ಯೆಗೆ ಒಳಪಡುವ ಯಾವುದೇ ವಿಕಲಚೇತನರನ್ನು ನೇಮಿಸಬಹುದೆನ್ನುತ್ತದೆ. ಅಲ್ಲಿ ದೃಷ್ಟಿಹೀನರು ಕುಳಿತುಕೊಳ್ಳಬಹುದು, ಕಾಲಿನ ಊನವಿರುವವರು ಕುಳಿತುಕೊಳ್ಳಬಹುದು. ಅವರ ಅನುಭವಕ್ಕೂ ಬೆಲೆಯಿದೆ. ಆದರೆ ಯಾರಿಗಾಗಿ ಈ ಕಾಯಿದೆ ಹುಟ್ಟಿತೋ ಅವರು ಅಲ್ಲಿರಲೇಬೇಕೆಂಬ ನಿಯಮವಿಲ್ಲ. ಬೌದ್ಧಿಕ ನ್ಯೂನತೆಯಿರುವ ವ್ಯಕ್ತಿ ಆ ಕೋಣೆಗೆ ಬರುವುದು ಬಹುತೇಕ ಅರ್ಜಿಯ ವಿಷಯವಾಗಿ. ಅವನ ಬಗ್ಗೆ ಮಾತು ನಡೆಯುತ್ತದೆ, ಅವನೊಡನೆ ನಡೆಯುವುದು ಕಡಿಮೆ.

ಮಾತೇ ಕೇಳದ ಸೇವೆ ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ನಮ್ಮ ಸಮುದಾಯ ಮರೆಯಬಾರದ ಒಂದು ದಿನಾಂಕವಿದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಪರಿಸರದ ಖಾಸಗಿ ಆಶ್ರಯತಾಣವೊಂದಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಬಂಧಿಸಿದ್ದ ಮನೋರೋಗಿಗಳು ಓಡಲಾಗದೆ ಸುಟ್ಟುಹೋದರು. 28 ಜೀವಗಳು ಹೋದವು. ಸರ್ವೋಚ್ಚ ನ್ಯಾಯಾಲಯ ತಾನಾಗಿ ಪ್ರಕರಣವನ್ನು ಕೈಗೆತ್ತಿಕೊಂಡಿತು. ಅವರನ್ನು ಅಲ್ಲಿಗೆ ಕರೆತಂದವರಲ್ಲಿ ಪ್ರೀತಿಯಿದ್ದ ಕುಟುಂಬಗಳೂ ಇದ್ದಿರಬೇಕು. ಗುಣವಾಗಲೆಂಬ ಹಾರೈಕೆಯೇ ಅವರನ್ನು ಅಲ್ಲಿಗೆ ತಂದಿತ್ತು. ಸರಪಳಿ ಬೇಡವೆಂದು ಆ ಬಂಧಿತರು ಹೇಳಿದ್ದರೆ ಅದನ್ನು ಒಂದು ಅಭಿಪ್ರಾಯವೆಂದು ಪರಿಗಣಿಸುವವರು ಅಲ್ಲಿ ಇರಲಿಲ್ಲ. ಮನೋರೋಗ ಬೇರೆ, ಬೌದ್ಧಿಕ ನ್ಯೂನತೆ ಬೇರೆ ಎಂದು ನಾವು ಮೇಲೆ ಹೇಳಿದ್ದೇವೆ. ಆದರೆ ಮಾತಿಗೆ ಬೆಲೆಯಿಲ್ಲದವರ ಪಾಡು ಎರಡೂ ಕಡೆ ಒಂದೇ.

ಇತಿಹಾಸದ ಮೂರನೆಯ ಘಟ್ಟ ಆರಂಭವಾದದ್ದು ಹೊರದೇಶಗಳಲ್ಲಿ. 1970ರಲ್ಲಿ ಸ್ವೀಡನ್ನಿನ ಮಾಲ್ಮೋ ನಗರದಲ್ಲಿ ಬೌದ್ಧಿಕ ನ್ಯೂನತೆಯಿರುವ ಯುವಜನರು ಸಮಾವೇಶ ಸೇರಿ ತಮ್ಮ ವಸತಿ, ಕೆಲಸ, ಬಿಡುವಿನ ವೇಳೆಗಳ ಕುರಿತು ತಾವೇ ಚರ್ಚಿಸಿದರು. 1974ರಲ್ಲಿ ಅಮೆರಿಕದ ಓರೆಗಾನ್ ರಾಜ್ಯದಲ್ಲಿ ‘ಪೀಪಲ್ ಫಸ್ಟ್’ ಸಂಘಟನೆ ರೂಪುಗೊಂಡಿತು. ನ್ಯೂನತೆಯ ಹೆಸರು ಆಮೇಲೆ, ಮೊದಲು ನಾವು ಮನುಷ್ಯರು ಎಂಬುದೇ ಆ ಹೆಸರಿನ ಆಶಯ. 2006ರಲ್ಲಿ ವಿಶ್ವಸಂಸ್ಥೆ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿತು. ಭಾರತ 2007ರ ಅಕ್ಟೋಬರ್ 1ರಂದು ಅದನ್ನು ಅನುಮೋದಿಸಿತು. ಆ ಒಡಂಬಡಿಕೆಯ ಪಾಲನೆಯನ್ನು ಪರಿಶೀಲಿಸುವ ಸಮಿತಿಗೆ 2016ರಲ್ಲಿ ನ್ಯೂಜಿಲೆಂಡಿನ ರಾಬರ್ಟ್ ಮಾರ್ಟಿನ್ ಆಯ್ಕೆಯಾದರು. ಬೌದ್ಧಿಕ ನ್ಯೂನತೆಯಿದ್ದು ಆ ಸ್ಥಾನಕ್ಕೇರಿದ ಮೊದಲ ವ್ಯಕ್ತಿ ಅವರು. ಹಾಲು ಕುಡಿಯುವ ವಯಸ್ಸಿನಲ್ಲೇ ಅವರನ್ನು ಆಶ್ರಯ ಸಂಸ್ಥೆಯೊಂದಕ್ಕೆ ಸೇರಿಸಲಾಗಿತ್ತು. ಯಾವ ಬಗೆಯ ಸಂಸ್ಥೆಯ ಗೋಡೆಯೊಳಗೆ ಬೆಳೆದರೋ, ಅಂಥ ಸಂಸ್ಥೆಗಳ ಬಗ್ಗೆ ಜಗತ್ತಿನ ಸರಕಾರಗಳನ್ನೇ ಪ್ರಶ್ನಿಸುವ ಅಧಿಕಾರ ಅವರದಾಯಿತು. 2024ರಲ್ಲಿ ಅವರು ಕಣ್ಮುಚ್ಚಿದರು.

ನಮ್ಮ ದೇಶದ 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಈ ಬದಲಾವಣೆಯ ಫಲ. ಅದು ಮಾನ್ಯ ಮಾಡಿದ ನ್ಯೂನತೆಗಳ ಸಂಖ್ಯೆ 7ರಿಂದ 21ಕ್ಕೇರಿತು. ಸರಕಾರಿ ಉದ್ಯೋಗದ ಶೇ. 4ರ ಮೀಸಲಾತಿಯಲ್ಲಿ ಶೇ. 1ರಷ್ಟು ಆಟಿಸಂ, ಬೌದ್ಧಿಕ ನ್ಯೂನತೆ, ಮನೋರೋಗ ಮೊದಲಾದ ವರ್ಗಗಳಿಗೆ ಒಟ್ಟಾಗಿ ಸಿಕ್ಕಿತು. ‘ಸೀಮಿತ ಪೋಷಕತ್ವ’ದ ಕಲ್ಪನೆ ಅದರಲ್ಲಿ ಬಂದಿದೆ: ನಿರ್ದಿಷ್ಟ ತೀರ್ಮಾನಕ್ಕೆ, ನಿರ್ದಿಷ್ಟ ಅವಧಿಗೆ ಮಾತ್ರ ಪೋಷಕ, ಅದೂ ವ್ಯಕ್ತಿಯ ಇಚ್ಛೆಗೆ ಅನುಗುಣವಾಗಿ, ಇಬ್ಬರೂ ಕೂಡಿ ತೆಗೆದುಕೊಳ್ಳುವ ತೀರ್ಮಾನವಾಗಿ. ಸಾಮರ್ಥ್ಯಕ್ಕೆ ಮೆಟ್ಟಿಲುಗಳಿವೆ ಎಂಬ ಹಳೆಯ ಅರಿವು ಇಲ್ಲಿ ಹೊಸ ಭಾಷೆಯಲ್ಲಿ, ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಹೋಗಿ ಕಾಣಿಸಿಕೊಂಡಿದೆ. ಆದರೆ 1999ರ ಕಾಯಿದೆಯ ಪೋಷಕತ್ವವೂ ಜೊತೆಜೊತೆಗೇ ಮುಂದುವರಿದಿದೆ. ಎರಡರ ನಡುವಿನ ಬಿಗಿತ ಇನ್ನೂ ಸಡಿಲಗೊಂಡಿಲ್ಲ.

ಕಾಯಿದೆ ದಿಲ್ಲಿಯಲ್ಲಿ ಬದಲಾದರೂ ಕುಳಗಿಗೆ ಅದು ನಡೆದುಕೊಂಡೇ ಬರಬೇಕು. ಜಿಲ್ಲಾಧಿಕಾರಿಯ ಕಚೇರಿ ಇರುವುದು ಕಾರವಾರದಲ್ಲಿ, ಕಾಡು ದಾಟಿ ಘಟ್ಟ ಇಳಿದ ಮೇಲೆ. ಬಸ್ಸಿನ ಗದ್ದಲಕ್ಕೆ ಬೆದರುವ ಆಟಿಸಂ ಇರುವ ಯುವಕನನ್ನು ಅಥವಾ ನಡೆಯಲಾಗದ ಯುವತಿಯನ್ನು ಅಲ್ಲಿಗೆ ಕರೆದೊಯ್ಯುವುದೆಂದರೆ ದಿನಗೂಲಿಯ ತಾಯಿಗೆ ಒಂದೆರಡು ದಿನಗಳ ಸಂಪಾದನೆಯ ನಷ್ಟ. ಮದೀನಾದಲ್ಲಿ ಓಣಿಯನ್ನು ಆ ಮಹಿಳೆ ಆರಿಸಿದಳು. ಇಲ್ಲಿ ಓಣಿಯನ್ನು ಕಚೇರಿ ಆರಿಸುತ್ತದೆ.

ಹತ್ತಿರದ ದಾರಿಗಳು ಇಲ್ಲವೆಂದಲ್ಲ. ಕರ್ನಾಟಕದ ಗ್ರಾಮ ಪಂಚಾಯತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ವಿಕಲಚೇತನರನ್ನೇ ಈ ಕೆಲಸಕ್ಕೆ ನೇಮಿಸಿರುವುದು ನಮ್ಮ ರಾಜ್ಯದ ಒಳ್ಳೆಯ ಕ್ರಮ. ವಿಕಲಚೇತನರಿಗಾಗಿ ವಿಶೇಷ ಗ್ರಾಮಸಭೆ ನಡೆಸುವ ಪದ್ಧತಿಯೂ ಇದೆ. ಆದರೆ ಆ ಸಭೆಯಲ್ಲಿ ಬೌದ್ಧಿಕ ನ್ಯೂನತೆಯಿರುವವರ ಪರವಾಗಿ ಸಾಮಾನ್ಯವಾಗಿ ತಂದೆಯೋ ಅಣ್ಣನೋ ಮಾತನಾಡಿ ಎದ್ದುಬರುತ್ತಾರೆ. ಸಭೆಯ ಸಮಯ, ಸ್ಥಳ, ಭಾಷೆಗಳನ್ನು ಅವರಿಗೆ ಹೊಂದುವಂತೆ ಗೊತ್ತುಮಾಡಿ, ಚಿತ್ರ ತೋರಿಸಿಯೋ ವಸ್ತು ಮುಂದಿಟ್ಟೋ ಅವರ ಇಷ್ಟವನ್ನು ಕೇಳಿದರೆ ಸಾಕು, ಗ್ರಾಮಸಭೆಯ ನಡಾವಳಿಯಲ್ಲಿ ಹೊಸ ದನಿಯೊಂದು ದಾಖಲಾಗುತ್ತದೆ.

ಇಲ್ಲಿ ಒಂದು ಆಕ್ಷೇಪ ಸಹಜ. ಹೆಸರು ಹೇಳಲೂ ಕಷ್ಟಪಡುವವರು ನಾಯಕತ್ವ ವಹಿಸುವುದೆಂತು? ನಾಯಕತ್ವವೆಂದರೆ ವೇದಿಕೆಯ ಭಾಷಣವೆಂದು ನಾವು ಭಾವಿಸಿರುವುದರಿಂದ ಈ ಪ್ರಶ್ನೆ ಏಳುತ್ತದೆ. ತಾನು ಯಾರೊಂದಿಗೆ ಇರಬೇಕು, ಏನು ಉಣ್ಣಬೇಕು, ಯಾವ ಕೆಲಸ ಕಲಿಯಬೇಕು, ಯಾರ ಸ್ಪರ್ಶ ತನಗೆ ಬೇಡ ಎಂಬುದನ್ನು ತಿಳಿಸುವುದೇ ನಾಯಕತ್ವದ ಮೊದಲ ಪಾಠ. ಮಾತಿಲ್ಲದವರೂ ಮುಖ ತಿರುಗಿಸಿ, ಕೈ ಹಿಡಿದೆಳೆದು, ನಕ್ಕು, ಅತ್ತು ಇದನ್ನು ತಿಳಿಸುತ್ತಾರೆ. ಇನ್ನು ಕೆಲವರಿಗೆ ಸಂಪೂರ್ಣ ಆರೈಕೆ ಬೇಕೇ ಬೇಕು. ಅದನ್ನು ಅಲ್ಲಗಳೆಯುವುದು ಹೆತ್ತವರಿಗೆ ಮಾಡುವ ಅಪಚಾರ. ಆದರೆ ಆರೈಕೆ ಬೇಕಾದವನಿಗೆ ಅಭಿಪ್ರಾಯವೇ ಇಲ್ಲವೆನ್ನುವುದು ಅವನಿಗೇ ಮಾಡುವ ಅಪಚಾರ.

ನಮ್ಮ ಜಮಾಅತ್‌ಗಳ ಹೊಣೆಯನ್ನು ಇಲ್ಲಿ ನೆನಪಿಸದೆ ಮುಗಿಸಲಾಗದು. ಇಂಥ ಕುಟುಂಬಗಳಿಗೆ ಝಕಾತ್‌ನ ಪಾಲು ತಲುಪಿಸುವುದರಲ್ಲಿ ನಮ್ಮವರು ಹಿಂದೆ ಬಿದ್ದಿಲ್ಲ. ಆದರೆ ಆ ಮಗು ಮದ್ರಸದ ಸಾಲಿನಲ್ಲಿ ಕುಳಿತಿದೆಯೇ? ಒಂದೇ ಸೂರಃ ಕಲಿಯಲು ಅದಕ್ಕೆ ವರ್ಷ ಬೇಕಾದರೆ ಆ ವರ್ಷವನ್ನು ಕೊಡಲು ನಾವು ಸಿದ್ಧರಿದ್ದೇವೆಯೇ? ಮಸೀದಿಯಲ್ಲಿ ಅದರ ದನಿ ಏರಿದರೆ ತಂದೆಯ ಕಡೆಗೆ ತಿರುಗುವ ಕಣ್ಣುಗಳು ಎಂಥವು? ನೀರಿನ ತೊಟ್ಟಿ ತುಂಬಿಸುವುದು, ಚಾಪೆ ಹಾಸುವುದು, ಬಂದವರಿಗೆ ಸಲಾಮ್ ಹೇಳುವುದು ಇಂಥ ಕೆಲಸಗಳಲ್ಲಿ ಒಂದನ್ನಾದರೂ ಅವನ ಹೆಸರಿಗೆ ಬರೆದು, ಆ ಕೆಲಸದ ವಿಷಯದಲ್ಲಿ ಅವನ ಮಾತೇ ಅಂತಿಮವೆಂದು ಒಪ್ಪಿಕೊಳ್ಳುವುದು ಯಾವ ಸಮಿತಿಗೂ ಕಷ್ಟವಲ್ಲ. ವರ್ಷಕ್ಕೊಮ್ಮೆ ಸಮಿತಿಯೇ ಅವರ ಮನೆಗೆ ಹೋಗಿ ಅವರ ಅಂಗಳದಲ್ಲಿ ಕುಳಿತು ಸಭೆ ನಡೆಸಲಿ. ಪೋಷಕತ್ವದ ಅರ್ಜಿ ತುಂಬಲು, ಗುರುತಿನ ಚೀಟಿ ಮಾಡಿಸಲು, ಕಾರವಾರಕ್ಕೆ ವಾಹನ ಹೊಂದಿಸಲು ಇಬ್ಬರು ಯುವಕರನ್ನು ನೇಮಿಸಲಿ. ಜಾತಿ ಮತ ನೋಡದೆ ಪಕ್ಕದ ಗೌಳಿವಾಡೆಯ, ಸಿದ್ದಿ ಕೇರಿಯ ಮಕ್ಕಳನ್ನೂ ಆ ವಾಹನದಲ್ಲಿ ಕರೆದೊಯ್ಯಲಿ.

ವೈದ್ಯರು ಬಂದರು, ಹೆತ್ತವರು ಬಂದರು, ಕಾಯಿದೆಗಳು ಬಂದವು. ಯಾರಿಗಾಗಿ ಇವೆಲ್ಲ ಬಂದವೋ ಅವರು ಬಾಗಿಲಲ್ಲಿ ನಿಂತಿದ್ದಾರೆ. ಮುಂದಿನ ಗ್ರಾಮಸಭೆಯ ದಿನ, ಮುಂದಿನ ಜಮಾಅತ್ ಸಭೆಯ ದಿನ, ಒಂದು ಕುರ್ಚಿಯನ್ನು ಅವರಿಗಾಗಿ ಖಾಲಿಯಿಡೋಣ. ಎಲ್ಲಿ ಕುಳಿತುಕೊಳ್ಳಲು ಇಷ್ಟವೆಂದು ಮೊದಲು ಅವರನ್ನೇ ಕೇಳಿ, ಆ ಕುರ್ಚಿಯನ್ನು ಅಲ್ಲಿಗೇ ಒಯ್ಯೋಣ.